‘ಹಾಗೆಯೇ ಇದೂ ಒಂದು’

ತರ್ಕಶಾಸ್ತ್ರದ ಮೊದಲ ಪಾಠವನ್ನು ಓದಿದವರು ಲಕ್ಷಣದ ಮೂರು ದೋಷಗಳನ್ನು ಬಲ್ಲರು. ಕಪಿಲವರ್ಣವೇ ಗೋವಿನ ಲಕ್ಷಣವೆಂದರೆ ಬಿಳಿಯ ಗೋವು ಹೊರಗುಳಿಯುವುದು, ಇದು ಅವ್ಯಾಪ್ತಿ. ಕೊಂಬುಳ್ಳದ್ದೆಲ್ಲ ಗೋವೆಂದರೆ ಎಮ್ಮೆಯೂ ಒಳಗೆ ನುಗ್ಗುವುದು, ಇದು ಅತಿವ್ಯಾಪ್ತಿ. ಒಂದೇ ಗೊರಸುಳ್ಳದ್ದು ಗೋವೆಂದರೆ ಯಾವ ಗೋವೂ ದೊರೆಯದು, ಇದು ಅಸಂಭವ. ಇದನ್ನು ಎಷ್ಟೋ ಸಲ ಪರರಿಗೆ ತಿಳಿಯಹೇಳಿದ ನಾವು, ನಮ್ಮ ಮನೆಯ ಮಾಡಿನ ಮೇಲೆಯೇ ಅತಿವ್ಯಾಪ್ತಿಯನ್ನು ಹತ್ತಿಸಿಕೊಂಡ ವೃತ್ತಾಂತವನ್ನು ವಾಚಕರಲ್ಲಿ ಅರಿಕೆ ಮಾಡುವೆವು.

ಮಣ್ಣಗುಡ್ಡದಲ್ಲಿರುವ ನಮ್ಮ ಮನೆ ಹಳೆಯದು. ಮುರಕಲ್ಲಿನ ಗೋಡೆ, ಹಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಈ ಊರಿನ ಹೆಸರು ಹಂಚಿನೊಡನೆಯೇ ದೇಶಾಂತರಗಳಿಗೆ ಹೋಯಿತಷ್ಟೆ. ಆದರೆ ಹಂಚು ಎಷ್ಟೇ ಗಟ್ಟಿಯಾಗಿರಲಿ, ಅದರಡಿಯ ರೀಪು ಗೆದ್ದಲಿಗೆ ತುತ್ತಾದರೆ ಮಾಡು ಸೋರದಿರದು. ಕಳೆದ ವರ್ಷ ನಮ್ಮ ಚಾವಡಿಗೆ ಆ ಗತಿ ಬಂದೊದಗಿತು. ಬಹುಕಾಲದ ಪರಿಚಿತರಾದ ಮೇಸ್ತ್ರಿಗಳನ್ನು ಕರೆಯಿಸಿದೆವು. ಚಾವಡಿಯ ರೀಪುಗಳನ್ನು ಬದಲಿಸುವುದು, ಒಡೆದ ಹಂಚುಗಳನ್ನು ತೆಗೆದು ಬೇರೆ ಹೊದಿಸುವುದು, ಹನ್ನೆರಡು ದಿನದ ಕೆಲಸ, ಒಟ್ಟು ಕೂಲಿ ಇಷ್ಟು ಎಂದು ಬಾಯಿಮಾತಿನಲ್ಲಿಯೇ ನಿಶ್ಚಯವಾಯಿತು. ಬಿಸುವಿನ ಮರುದಿನ ಹಂಚು ಇಳಿಯಿತು.

ಮೂರನೆಯ ದಿನ ನಾವು, “ಮೇಸ್ತ್ರಿಗಳೇ, ಹೇಗೂ ಏಣಿ ಇಟ್ಟಿದೆ, ಅಡಿಗೆಮನೆಯ ಮೇಲಿನ ನಾಲ್ಕು ಹಂಚುಗಳನ್ನೂ ನೋಡಿಬಿಡಿ” ಎಂದೆವು. “ಆಯ್ತು ಮಾಸ್ಟ್ರೇ” ಎಂದರು. ನಾಲ್ಕು ಹಂಚುಗಳು ನಲವತ್ತಾದುವು. ಗಾರೆ ಕಲಸಿದ್ದಾರಲ್ಲ, ಹಾಗೆಯೇ ಬಾವಿಯ ಕಟ್ಟೆಗೂ ಸ್ವಲ್ಪ ಮೆತ್ತಲಿ ಎಂದು ಮನೆಯವರ ಅಪೇಕ್ಷೆ. ಹಲಗೆ ಉಳಿದಿದೆಯಲ್ಲ, ದೇವರ ಕೋಣೆಗೊಂದು ಕಪಾಟು ಆಗಲಿ ಎಂಬುದೂ ಅವರದೇ. ಹಿತ್ತಿಲ ಸ್ನಾನದ ಕೋಣೆಯನ್ನು ಮನೆಗೆ ಕೂಡಿಸಬಾರದೇ ಎಂದು ಬೆಂಗಳೂರಿನಿಂದ ಮಗಳ ಫೋನು. ಪ್ರತಿಯೊಂದೂ ಅಲ್ಪವೇ, ಪ್ರತಿಯೊಂದಕ್ಕೂ ‘ಆಯ್ತು ಮಾಸ್ಟ್ರೇ’ ಎಂಬ ಒಂದೇ ಉತ್ತರ. ಕೌಪೀನವನ್ನು ಇಲಿ ಕಡಿಯಿತೆಂದು ಬೆಕ್ಕನ್ನು ಸಾಕಿ, ಬೆಕ್ಕಿಗೆ ಹಾಲೆಂದು ಹಸುವನ್ನು ಕಟ್ಟಿ, ಕಡೆಗೆ ಸಂಸಾರಿಯೇ ಆಗಿಹೋದ ಸಂನ್ಯಾಸಿಯ ಕಥೆಯನ್ನು ಹೇಳಿ ಮಕ್ಕಳನ್ನು ನಗಿಸಿದ ನಮಗೆ, ಆ ಬೆಕ್ಕು ನಮ್ಮ ಅಂಗಳಕ್ಕೇ ಬಂದುದು ಕಾಣಿಸಲಿಲ್ಲ.

ಪತ್ತನಾಜೆಗೆ ಇನ್ನೂ ನಾಲ್ಕು ದಿನವಿರುವಾಗಲೇ ಒಂದು ರಾತ್ರಿ ಗುಡುಗಿ ಮಳೆ ಸುರಿಯಿತು. ಚಾವಡಿಯ ಹಂಚುಗಳಲ್ಲಿ ಅರ್ಧ ಇನ್ನೂ ಅಂಗಳದಲ್ಲಿದ್ದುವು. ನಾವು ದೀಪ ಹಿಡಿದು ಬರುವಷ್ಟರಲ್ಲಿ ಪುಸ್ತಕದ ಪೆಟ್ಟಿಗೆಯೊಳಗೆ ನೀರು ನಿಂತಿತ್ತು. ನಮ್ಮ ಗುರುಗಳು ಸ್ವಹಸ್ತದಿಂದ ಬರೆದುಕೊಟ್ಟ ಕೌಮುದಿಯ ಟಿಪ್ಪಣಿಗಳು ಅದರಲ್ಲಿದ್ದುವು. ಹಲವು ಹಾಳೆಗಳಲ್ಲಿ ಮಸಿ ಹರಿದು ಅಕ್ಷರವೇ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಮೇಸ್ತ್ರಿಗಳಿಗೆ ನಾವು ಆಡಬಾರದ ಮಾತನ್ನು ಆಡಿದೆವು. ಅವರು ಎದುರಾಡದೆ ಜೇಬಿನಿಂದ ಚಿಕ್ಕ ಪುಸ್ತಕವೊಂದನ್ನು ತೆಗೆದು ನಮ್ಮ ಮುಂದಿಟ್ಟರು. ಮಾಡಿನ ಕೆಲಸ ಒಂಬತ್ತು ದಿನ. ಮಿಕ್ಕವು ಇಪ್ಪತ್ತೊಂದು ದಿನ. “ಆ ಇಪ್ಪತ್ತೊಂದು ದಿನದ ಕೂಲಿಯನ್ನು ಆಳುಗಳಿಗೆ ನನ್ನ ಕೈಯಿಂದಲೇ ಕೊಟ್ಟಿದ್ದೇನೆ. ಮಾಸ್ಟ್ರು ನೀವು, ನನ್ನ ಮಗನಿಗೆ ಪಾಠ ಹೇಳಿದವರು. ಹೇಗೆ ಕೇಳಲಿ?” ಎಂದರು. ನಮಗೆ ತಲೆಯೆತ್ತಲಾಗಲಿಲ್ಲ. ಅವರ ದಾಕ್ಷಿಣ್ಯವನ್ನು ನಾವು ಸಮ್ಮತಿಯೆಂದು ಎಣಿಸಿದ್ದೆವು.

ನಮ್ಮ ಅಳಿಯಂದಿರು ಪರದೇಶದ ಗಿರಾಕಿಗಳಿಗೆ ಗಣಕಯಂತ್ರದ ತಂತ್ರಾಂಶವನ್ನು ರಚಿಸುವವರು. ತಮ್ಮ ವೃತ್ತಿಯಲ್ಲಿ ಇದಕ್ಕೆ ‘ಸ್ಕೋಪ್ ಕ್ರೀಪ್’ ಎನ್ನುವರೆಂದೂ, ಕಾರ್ಯದ ವ್ಯಾಪ್ತಿ ಸದ್ದಿಲ್ಲದೆ ತೆವಳಿ ಬೆಳೆಯುವುದೇ ಅದೆಂದೂ ಹೇಳಿದರು. ಅವರು ಹೊಸ ಬೇಡಿಕೆಯನ್ನು ಒಲ್ಲೆನೆನ್ನುವುದಿಲ್ಲವಂತೆ, ‘ಆಗಲಿ, ಇದಕ್ಕೆ ಇಷ್ಟು ದಿನ, ಇಷ್ಟು ಹಣ, ಹಳೆಯ ಕೆಲಸಗಳಲ್ಲಿ ಯಾವುದು ಕಾಯಬೇಕು?’ ಎಂದು ಬರೆದು ಕೇಳಿ, ಒಪ್ಪಿಗೆ ಬಂದ ಮೇಲೆಯೇ ಕೈಹಚ್ಚುವರು. ಕಾನೂನು ಸಹ ಈ ವಿಷಯದಲ್ಲಿ ಮೌನವಾಗಿಲ್ಲ. ಧರ್ಮಾರ್ಥವೆಂದು ಬಗೆಯದೆ ಒಬ್ಬನು ನ್ಯಾಯವಾಗಿ ಮಾಡಿಕೊಟ್ಟ ಕೆಲಸದ ಫಲವನ್ನು ಇನ್ನೊಬ್ಬನು ಅನುಭವಿಸಿದರೆ ಅದಕ್ಕೆ ಪ್ರತಿಫಲ ಕೊಡತಕ್ಕದ್ದೆಂದು 1872ರ ಭಾರತೀಯ ಕರಾರು ಅಧಿನಿಯಮದ 70ನೆಯ ಕಲಮು ವಿಧಿಸುತ್ತದೆ.

ಆದರೂ ಮೊಕದ್ದಮೆಗಿಂತ ಮೊದಲೇ ಬರುವ ಮದ್ದು ನಮ್ಮ ಶಾಸ್ತ್ರಕಾರರಲ್ಲಿ ಇದೆ. ಗ್ರಂಥಾರಂಭದಲ್ಲಿಯೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಹೇಳುವುದು ಅವರ ಪದ್ಧತಿ. ಮನೆಗೆಲಸಕ್ಕೂ ಅದು ಸಾಲುವುದು: ಯಾವ ಕೆಲಸ, ಯಾತಕ್ಕಾಗಿ, ಯಾವುದರ ಅನಂತರ ಯಾವುದು, ಮತ್ತು ಆಜ್ಞೆ ಕೊಡತಕ್ಕವರು ಯಾರು. ಈ ಕಡೆಯದೇ ಮುಖ್ಯ. ನಾಲ್ಕು ಬಾಯಿಗಳಿಂದ ಅಪ್ಪಣೆ ಹೊರಟ ಮನೆಯಲ್ಲಿ ಮಾಡು ಮುಗಿಯದು. ಐದನೆಯದಾಗಿ ‘ಇದರಲ್ಲಿ ಸೇರದ್ದು ಯಾವುದು’ ಎಂಬುದನ್ನೂ ಬರೆಯತಕ್ಕದ್ದೆಂದು ನಮ್ಮ ಅನುಭವ ಕಲಿಸಿದೆ.

ಅಂದೇ ಇಪ್ಪತ್ತೊಂದು ದಿನದ ಕೂಲಿಯನ್ನು ಕೊಟ್ಟು ಕ್ಷಮೆ ಬೇಡಿದೆವು. ಮಿಕ್ಕ ಕೆಲಸವೆಲ್ಲ ನಿಂತು, ಟಾರ್ಪಾಲಿನ ಮರೆಯಲ್ಲಿ ಮೂರೇ ದಿನಗಳಲ್ಲಿ ಚಾವಡಿಯ ಮಾಡು ಮುಗಿಯಿತು. ಅಳಿಸಿದ ಅಕ್ಷರಗಳು ಮಾತ್ರ ಮರಳಲಿಲ್ಲ. ಆ ಹಾಳೆಗಳನ್ನು ಒಣಗಿಸಿ ಹಾಗೆಯೇ ಇರಿಸಿಕೊಂಡಿದ್ದೇವೆ.

ದೀಪಾವಳಿಯ ಬಳಿಕ ಸ್ನಾನದ ಕೋಣೆಯ ಕೆಲಸಕ್ಕೆ ಮೇಸ್ತ್ರಿಗಳು ಬಂದಾಗ ಕಾಗದವನ್ನು ಬರೆದು ಇಬ್ಬರೂ ರುಜು ಹಾಕಿದೆವು. ಅಷ್ಟರಲ್ಲಿ ಒಳಗಿನಿಂದ ಮನೆಯವರು “ಹಾಗೆಯೇ...” ಎಂದು ತೊಡಗಿದರು. ಮೇಸ್ತ್ರಿಗಳು ಕಿವಿಯ ಮೇಲಿನ ಪೆನ್ಸಿಲನ್ನು ಕೈಗೆ ತೆಗೆದುಕೊಂಡರು. ಮನೆಯವರು ನಕ್ಕು, “ಏನಿಲ್ಲ, ಹಾಗೆಯೇ ಚಹಾ ಕುಡಿದು ಹೋಗಿ ಎಂದೆ” ಎಂದರು.