ಸಮೂಹಚಿತ್ರಕ್ಕೆ ಮುನ್ನ ಒಂದು ಪ್ರಶ್ನೆ

ಸಮಾವೇಶವೆಂದ ಮೇಲೆ ಕೊನೆಯಲ್ಲೊಂದು ಸಮೂಹಚಿತ್ರ ಇರಲೇಬೇಕೆಂಬುದು ರೂಢಿ. ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತು, ಕಿರಿಯರು ಹಿಂದೆ ನಿಂತು, ಛಾಯಾಗ್ರಾಹಕನು ಹೇಳಿದಂತೆ ಸರಿದುಕೊಳ್ಳುತ್ತಾರೆ. ಈ ಚಿತ್ರದಲ್ಲಿರಲು ತಮಗೆ ಇಷ್ಟವೇ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಮೊದಲು ಕೇಳಬೇಕೆಂಬ ನಿಯಮವಿಟ್ಟುಕೊಂಡವರು, ಲೋಕವು ಸಂಶಯದಿಂದ ನೋಡುವ ಹ್ಯಾಕರುಗಳು.

ಹ್ಯಾಕರ್ ಎಂದರೆ ಗಣಕಯಂತ್ರದ ಕಳ್ಳನೆಂಬ ಭಾವನೆ ವ್ಯಾಪಕವಾಗಿದೆ. ಯಂತ್ರದ ಒಳಗುಟ್ಟನ್ನು ಅರಿಯಬಯಸುವ ಕುತೂಹಲಿ ಎಂಬ ಅರ್ಥವೂ ಆ ಪದಕ್ಕುಂಟು. ಅಂಥವರ ಸಂಘಟನೆಯಾದ ಕೇಯಾಸ್ ಕಂಪ್ಯೂಟರ್ ಕ್ಲಬ್ 1981ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪನೆಗೊಂಡು, 1984ರಲ್ಲಿ ಹ್ಯಾಂಬರ್ಗಿನಲ್ಲಿ ತನ್ನ ಮೊದಲ ಸಮ್ಮೇಳನವನ್ನು ನಡೆಸಿತು. ಸಾರ್ವಜನಿಕ ಮಾಹಿತಿಯು ಎಲ್ಲರಿಗೂ ಒದಗಬೇಕು, ಖಾಸಗಿ ಮಾಹಿತಿಗೆ ರಕ್ಷಣೆಯಿರಬೇಕು ಎಂಬುದು ಅದರ ನೀತಿಸೂತ್ರಗಳಲ್ಲೊಂದು. ಚಿತ್ರದೊಳಗೆ ಬರುವವರ ಒಪ್ಪಿಗೆಯಿಲ್ಲದೆ ಅಲ್ಲಿ ಚಿತ್ರ ತೆಗೆಯಬಾರದು. ಅಮೆರಿಕದಲ್ಲಿ 1993ರಲ್ಲಿ ಆರಂಭವಾದ ಡೆಫ್‌ಕಾನ್ ಸಮಾವೇಶದಲ್ಲಿಯೂ ಕೇಳಿ ತೆಗೆಯುವುದೇ ಮರ್ಯಾದೆ.

ಹೀಗಾಗಿ ಇಂಥ ಕಡೆ ಗುಂಪಾಗಿ ನಿಲ್ಲುವಾಗ ಬೇಡವೆನ್ನುವವನು ಪಕ್ಕಕ್ಕೆ ಸರಿಯಬಹುದು, ಮುಖ ಮರೆಸಿಕೊಳ್ಳಬಹುದು. ಕಾರಣ ಹೇಳುವ ಹಂಗು ಅವನಿಗಿಲ್ಲ. ಬಲಾಢ್ಯರ ಯಂತ್ರಗಳ ದೋಷವನ್ನು ಬಯಲಿಗೆ ತಂದವನಿಗೆ ತನ್ನ ಗುರುತು ಸಿಕ್ಕಿಬೀಳುವುದೇ ಅಪಾಯವಾಗಬಹುದು. ಇನ್ನೊಬ್ಬನ ಅನ್ನದ ದಾರಿಯೇ ತಪ್ಪಬಹುದು.

ಈ ಭಯ ಕಲ್ಪಿತವಲ್ಲ. 2014ರ ಡಿಸೆಂಬರಿನಲ್ಲಿ ಇದೇ ಕ್ಲಬ್ಬಿನ ಹ್ಯಾಂಬರ್ಗ್ ಸಮ್ಮೇಳನದಲ್ಲಿ ಯಾನ್ ಕ್ರಿಸ್ಲರ್ ಎಂಬ ತಜ್ಞರು, ಜರ್ಮನಿಯ ಅಂದಿನ ರಕ್ಷಣಾ ಸಚಿವೆ ಉರ್ಸುಲಾ ಫಾನ್ ಡೆರ್ ಲೈಯೆನ್ ಅವರ ಹೆಬ್ಬೆರಳಿನ ಗುರುತನ್ನು, ಸಾಮಾನ್ಯ ಕ್ಯಾಮೆರಾದಿಂದ ತೆಗೆದ ಛಾಯಾಚಿತ್ರಗಳಿಂದಲೇ ಪುನಾರಚಿಸಿದುದಾಗಿ ವಿವರಿಸಿದರು. ಮರೆತ ಸಂಕೇತಪದವನ್ನು ಬದಲಿಸಬಹುದು. ಹೆಬ್ಬೆರಳನ್ನೂ ಮುಖವನ್ನೂ ಬದಲಿಸುವಂತಿಲ್ಲ. ಇಂದು ಒಂದು ಚಿತ್ರದಲ್ಲಿನ ಮುಖವನ್ನು ಸಾವಿರಾರು ಮುಖಗಳೊಡನೆ ಹೋಲಿಸಿ ಗುರುತಿಸುವ ಯಂತ್ರಗಳೂ ಬಂದಿವೆ.

ಕೂಡಿ ಕಳೆದ ದಿನಗಳ ನೆನಪು ಉಳಿಯಲೆಂಬ ಆಸೆ ಸಹಜವಾದುದು, ಸ್ನೇಹದಿಂದ ಹುಟ್ಟಿದುದು. ಆದರೆ ತೊಂಬತ್ತೊಂಬತ್ತು ಜನರ ಒಪ್ಪಿಗೆಯು ನೂರನೆಯವನ ಒಪ್ಪಿಗೆಯಾಗಲಾರದು. ಇತರ ವಿಷಯಗಳಲ್ಲಿ ಬಹುಮತ ಸಾಕಾದೀತು; ಒಬ್ಬನ ಮುಖದ ವಿಷಯದಲ್ಲಿ ಅವನ ಮಾತೇ ಅಂತಿಮ. ಕ್ಯಾಮೆರಾ ಈಗ ಪ್ರತಿಯೊಬ್ಬರ ಕಿಸೆಯಲ್ಲಿದೆ. ಮದುವೆಯ ಮನೆಯಲ್ಲಿಯೂ ಉತ್ಸವದ ಅಂಗಳದಲ್ಲಿಯೂ ಅದನ್ನು ಎತ್ತುವ ಕೈ, ಎತ್ತುವ ಮುನ್ನ ಒಂದು ಕ್ಷಣ ನಿಂತು ಕೇಳುವುದನ್ನು ಕಲಿಯಬೇಕಾಗಿದೆ. ಕೇಳಿದ್ದರಿಂದ ಚಿತ್ರದಲ್ಲಿ ಒಂದು ಮುಖ ಕಡಿಮೆಯಾದೀತು. ಉಳಿದ ಮುಖಗಳಲ್ಲಿ ನಿರಾಳತೆ ಹೆಚ್ಚೀತು.