ಬತ್ತಿ ನೆಲೆಸಿತು, ಚಕ್ರ ನೆಲೆಸಲಿಲ್ಲ

ಕಾಪುವಿನ ದೀಪಸ್ತಂಭದ ಸುತ್ತುಮೆಟ್ಟಿಲು ಹತ್ತಿ ಹೊರಗೆ ತಲೆ ಹಾಕಿದ ಕೂಡಲೇ ಗಾಳಿ ಮುಖಕ್ಕೆ ರಾಚಿತು. 1901ರಿಂದ ಈ ಕಂಬ ಬಂಡೆಯ ಮೇಲೆ ನಿಂತು ಅರಬ್ಬೀ ಸಮುದ್ರವನ್ನು ಕಾಯುತ್ತಿದೆ. ಕೆಳಗೆ ಚರುಮುರಿ, ಐಸ್‌ಕ್ರೀಮು, ಸೆಲ್ಫಿಯ ಗದ್ದಲ. ಮೇಲೆ ನಿಂತವನಿಗೆ ಕಣ್ಣು ಹಾಯಿಸಿದಷ್ಟೂ ನೀರು. ಬಡಗಲಿಗೆ ಮಲ್ಪೆ, ಅದರಾಚೆ ಕಲ್ಲುಕಂಬಗಳ ಸೇಂಟ್ ಮೇರೀಸ್ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಶಿಲುಬೆ ನೆಟ್ಟು ಹೋದ ಎನ್ನುತ್ತಾರೆ. ಇನ್ನೂ ಮುಂದಕ್ಕೆ ಬಾರಕೂರು, ಬಸರೂರು. ತೆಂಕಲಿಗೆ ಮೂಲ್ಕಿ, ಮಂಗಳೂರು, ಉಳ್ಳಾಲ. ಯುರೋಪಿನ ಕೋವಿ ನಮ್ಮ ಕರಾವಳಿಗೆ ಬಂದದ್ದು ಈ ನೀರಿನ ಮೇಲಿಂದಲೇ.

ಆ ಕೋವಿಯ ಜಾಡು ಹಿಡಿದೇ ನಾನೂ ಬಂದಿದ್ದೆ. ಹುಚ್ಚು ಹತ್ತಿಸಿದವರು ಕಾರ್ಕಳದ ಹತ್ತಿರದ ಒಬ್ಬ ನಿವೃತ್ತ ಮಾಷ್ಟ್ರು. ಅವರ ಹತ್ತಿರ ಹಳೆಯ ಬತ್ತಿ ಕೋವಿ ಒಂದಿದೆ. ಪುಸ್ತಕದವರು ಮ್ಯಾಚ್‌ಲಾಕ್ ಎನ್ನುವುದು ಅದನ್ನೇ. ಅದರ ನಂತರ ಯುರೋಪಿನಲ್ಲಿ ಹುಟ್ಟಿದ ವೀಲ್‌ಲಾಕ್, ಅಂದರೆ ಚಕ್ರದ ಕೋವಿ, ಮಾತ್ರ ಅವರಿಗೆ ಎಷ್ಟು ಹುಡುಕಿದರೂ ಈ ಸೀಮೆಯಲ್ಲಿ ಸಿಕ್ಕಿರಲಿಲ್ಲ. ಸಿಗದಿದ್ದರೆ ಮಾಡಿಸುವುದು ಎಂದು ಹಟ ಹಿಡಿದು, ನಳಿಗೆ, ಹಿಡಿ ಯಾವುದೂ ಇಲ್ಲದ, ಬರೀ ಕಿಡಿ ಹಾರಿಸುವಷ್ಟು ಭಾಗವನ್ನು ಮಣಿಪಾಲದ ಒಂದು ಲೇತ್ ಶೆಡ್ಡಿಗೆ ಹೇಳಿಟ್ಟಿದ್ದರು. ಅದನ್ನು ಕಾರ್ಕಳಕ್ಕೆ ಮುಟ್ಟಿಸುವ ಕೆಲಸ ನನಗೂ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯನಿಗೂ ಬಿತ್ತು.

ಕಾಪು ಪೇಟೆ ಮೂರು ಮಾರಿಗುಡಿಗಳ ಊರು. ಇಲ್ಲಿಯ ಮಾರಿ ಕೆಳದಿ ಅರಸರ ದಂಡಿನ ಜೊತೆ ಬಂದವಳು, ದಂಡಿನ ಮಾರಿ, ಎಂದು ಊರವರು ಹೇಳುತ್ತಾರೆ. ಆ ಕಾಲದ ದಂಡೆಂದರೆ ಕತ್ತಿ, ಈಟಿ, ಬಿಲ್ಲುಗಳ ಜೊತೆಗೆ ಬತ್ತಿ ಕೋವಿಯವರೂ ಇದ್ದೇ ಇರುತ್ತಿದ್ದರು.

"ಹಾಗಾದ್ರೆ ಮಾವ, ಇಲ್ಲಿ ಹರಕೆಯ ಕೋಳಿ ಹಿಡ್ಕೊಂಡು ನಿಂತವನ ಇನ್ನೊಂದು ಕೈಯಲ್ಲಿ ಉರಿಯುವ ಬತ್ತಿ ಇದ್ದಿರಬಹುದು!" ಎಂದ ಅಳಿಯ. ಇದ್ದಿರಬಹುದು. ಹಾಗೆ ಯೋಚಿಸಿ ನೋಡಿದಾಗ ಗುಡಿಯ ಎದುರಿನ ಸಾಮಾನ್ಯ ರಸ್ತೆಯೂ ಬೇರೆಯಾಗಿ ಕಂಡಿತು.

ಮರುದಿನ ಬೆಳಿಗ್ಗೆ ಉಡುಪಿ. ರಥಬೀದಿಗೆ ಒಂದು ಸುತ್ತು ಬಂದು, ಬನ್ಸ್ ತಿಂದು, ಬಸ್ಸಿಗೆ ಕಾಯುತ್ತ ನಿಂತಾಗ ತಲೆಯಲ್ಲಿ ಓಡುತ್ತಿದ್ದದ್ದು ಅಕ್ಕಿಯ ವಿಚಾರ. ಪರ್ಯಾಯಕ್ಕೆ ಮೊದಲು ಇಲ್ಲಿ ಅಕ್ಕಿ ಮುಹೂರ್ತ, ಭತ್ತ ಮುಹೂರ್ತ ಎಂದು ಶಾಸ್ತ್ರೋಕ್ತವಾಗಿ ನಡೆಯುತ್ತದೆ; ಅನ್ನದ ಸಿದ್ಧತೆಯಿಲ್ಲದೆ ಮಠದ ಅಧಿಕಾರ ಕೈ ಬದಲಿಸುವುದಿಲ್ಲ. ಪೋರ್ಚುಗೀಸರನ್ನು ಈ ಕರಾವಳಿಗೆ ಕಟ್ಟಿಹಾಕಿದ್ದರಲ್ಲೂ ಅಕ್ಕಿಯ ಪಾಲು ದೊಡ್ಡದು. ಗೋವೆಗೆ ಬೇಕಾದ ಅಕ್ಕಿ ಬಸರೂರು, ಬಾರಕೂರು, ಮಂಗಳೂರಿನ ರೇವುಗಳಿಂದ ಹೋಗಬೇಕಿತ್ತು. ಘಟ್ಟದ ಕಾಳುಮೆಣಸೂ ಇದೇ ಹೊಳೆಗಳಲ್ಲಿ ಇಳಿಯುತ್ತಿತ್ತು. 1568-69ರಲ್ಲಿ ಅವರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಒಂದರ ಹಿಂದೊಂದು ಕೋಟೆ ಹಾಕಿ ಕೂತದ್ದು ಈ ವ್ಯಾಪಾರದ ಬಾಯಿ ಹಿಡಿಯಲಿಕ್ಕೆ. ಕೋವಿ ಹಿಡಿದವನಿಗೂ ಹೊಟ್ಟೆಗೆ ಬೇಕಲ್ಲ.

ಅದಕ್ಕೆ ಎಷ್ಟೋ ಮೊದಲೇ ಕೋವಿಯ ಸುದ್ದಿ ಘಟ್ಟದ ಮೇಲೂ ಹಬ್ಬಿತ್ತು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೋವಾವ್ ದ ಫಿಗೇರೆದೊ ಎಂಬ ಪೋರ್ಚುಗೀಸನು 20 ಮಂದಿ ಕೋವಿಯವರೊಡನೆ ಬಂದು ಸೇರಿದ ಕಥೆಯನ್ನು ಪೋರ್ಚುಗೀಸ್ ಪ್ರವಾಸಿ ಫೆರ್ನಾವ್ ನೂನಿಜ್ ಬರೆದಿಟ್ಟಿದ್ದಾನೆ. ಗೋಡೆಯ ಮೇಲಿನಿಂದ ತಲೆ ಹಾಕಿದವರನ್ನು ಇವರು ಹೊಡೆದುರುಳಿಸುತ್ತಿದ್ದರೆ, ಕೆಳಗೆ ರಾಯನ ಆಳುಗಳು ಗೋಡೆಯ ಕಲ್ಲು ಕೀಳುತ್ತಿದ್ದರಂತೆ. ಲಕ್ಷಗಟ್ಟಲೆ ದಂಡಿನ ಲೆಕ್ಕ ಹೇಳುವ ಯುದ್ಧದಲ್ಲಿ ಬರೀ 20 ಮಂದಿಯ ಮಾತು ಇಷ್ಟು ದಿನ ಉಳಿದದ್ದು ಸೋಜಿಗ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪರಂಪರೆ ಗ್ರಾಮವನ್ನು ನೋಡದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ. ಬೀಳಲಿದ್ದ ಚೌಕಿಮನೆ, ಅರಮನೆ, ಮಠಗಳನ್ನು ಕಂಬ ಕಂಬ ಬಿಚ್ಚಿ ತಂದು ಮತ್ತೆ ಜೋಡಿಸಿದ ಜಾಗ. ಬಾಗಿಲವಾಡದ ಕೆತ್ತನೆಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೀಗ, ಚಿಲಕ, ಅಗುಳಿಗಳು. ಆ ಕಬ್ಬಿಣವನ್ನು ಬಡಿದ ಆಚಾರಿಗಳ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಲೇತ್ ಶೆಡ್ಡಿಗೆ ನಡೆದೆವು.

ಶೆಡ್ಡಿನವರು ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ವಸ್ತುವನ್ನು ಮೇಜಿನ ಮೇಲೆ ಬಿಚ್ಚಿದರು. ಅಂಗೈಗಿಂತ ಸ್ವಲ್ಪ ದೊಡ್ಡ ಉಕ್ಕಿನ ತಗಡು. ಅದರಲ್ಲಿ ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾದ ಚಕ್ರ. ಅಂಚಿನ ಸುತ್ತ ಸಣ್ಣ ಗೀರುಗಳು. ಚಕ್ರದ ಅಚ್ಚಿನ ಒಂದು ತುದಿ ಚೌಕ, ಚಾವಿ ಕೂರಲಿಕ್ಕೆ. ಇನ್ನೊಂದು ತುದಿಗೆ ಮೂರು ಕೊಂಡಿಯ ಪುಟ್ಟ ಸರಪಳಿ, ಸರಪಳಿಯ ಕೊನೆಗೆ ಬಾಗಿದ ಸ್ಪ್ರಿಂಗು.

"ಚಕ್ರ ಕಡೆಯುವುದು ಎಂತ ಕಷ್ಟ ಇಲ್ಲ ಸರ್," ಎಂದರು ಶೆಡ್ಡಿನವರು. "ಸ್ಪ್ರಿಂಗು ತಲೆ ತಿಂದಿತು. ಹದ ಹೆಚ್ಚಾದರೆ ಪಟ್ಟಂತ ಮುರಿಯುತ್ತದೆ, ಕಡಿಮೆಯಾದರೆ ಬಾಗಿದ್ದು ಬಾಗಿಯೇ ಉಳಿಯುತ್ತದೆ. ಕೊನೆಗೆ ಲಾರಿಯ ಪ್ಲೇಟಿನ ತುಂಡು ತಂದು ಮಾಡಿದೆ. 500 ವರ್ಷದ ಹಿಂದೆ ಲೇತೂ ಇಲ್ಲದೆ, ಕರೆಂಟೂ ಇಲ್ಲದೆ ಇದನ್ನು ಯಾರು ಮಾಡಿದ್ದು ಮಾರಾಯ್ರೆ?"

ಮಾಡಿದವರು ಯಾರೆಂಬುದಕ್ಕೆ ಎರಡು ಕಡೆಯ ಹಕ್ಕುದಾರಿಕೆ ಇದೆ. ಲಿಯೊನಾರ್ಡೊ ಡ ವಿಂಚಿಯ ಕಾಗದಗಳಲ್ಲಿ ಇಂಥ ಯಂತ್ರದ ಚಿತ್ರಗಳಿವೆ. ಜರ್ಮನಿಯ ನ್ಯೂರೆಂಬರ್ಗ್‌ನ 1505ರ ಹಸ್ತಪ್ರತಿಯೊಂದರಲ್ಲೂ ಇವೆ. 16ನೇ ಶತಮಾನದ ಮೊದಲ ವರ್ಷಗಳಲ್ಲಿ ಇದು ಹುಟ್ಟಿತು ಎಂಬಷ್ಟರಲ್ಲಿ ತಕರಾರಿಲ್ಲ. ಹೊತ್ತಿಸಿದ ಬತ್ತಿ ಬೇಡ. ಚಾವಿ ಕೊಟ್ಟು ಅಂಗಿಯೊಳಗೆ ಅಡಗಿಸಿ ಒಯ್ಯಬಹುದು. ಅದೇ ಕಾರಣಕ್ಕೆ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ 1517ರ ಸುಮಾರಿಗೆ ತನ್ನ ನಾಡಿನಲ್ಲಿ ಇಂಥ ಕೋವಿಗಳನ್ನು ನಿಷೇಧಿಸಿದ.

ಪರ್ಕಳ, ಹಿರಿಯಡ್ಕ, ಬೈಲೂರು ದಾಟಿ ಬಸ್ಸು ಕಾರ್ಕಳಕ್ಕೆ ಓಡಿತು. ಬನಿಯನ್ ಗಂಟು ಅಳಿಯನ ತೊಡೆಯ ಮೇಲಿತ್ತು.

ಮಾಷ್ಟ್ರ ಮನೆ ಅಡಿಕೆ ತೋಟದ ನಡುವೆ. ಜಗಲಿಯಲ್ಲಿ ಬೆಲ್ಲ ನೀರು ಕೊಟ್ಟು ಕೂರಿಸಿ, ಒಳಗಿನಿಂದ ಹೆಗಲುದ್ದಕ್ಕಿಂತಲೂ ಉದ್ದದ ಒಂದು ಗಂಟನ್ನು ತಂದರು. ಹಳೆಯ ಮನೆಯೊಂದನ್ನು ಕೆಡವುವಾಗ ಅಟ್ಟದಲ್ಲಿ ಸಿಕ್ಕಿದ್ದಂತೆ. ಮರ ಅಲ್ಲಲ್ಲಿ ಗೆದ್ದಲು ತಿಂದಿದೆ, ನಳಿಗೆ ಕಪ್ಪಾಗಿದೆ. ಮದ್ದಿಗೆ ಬೆಂಕಿ ದಾಟುವ ಸಣ್ಣ ತೂತನ್ನು ಯಾವತ್ತೋ ಬೆಸುಗೆ ಹಾಕಿ ಮುಚ್ಚಲಾಗಿದೆ.

"ಮೊದಲು ಕಾನೂನು ಕೇಳಿ," ಎಂದರು ಮಾಷ್ಟ್ರು, ಪಾಠ ಶುರುಮಾಡುವ ದನಿಯಲ್ಲಿ. "ರಿಪೇರಿ ಮಾಡಿದರೂ ಹೊಡೆಯಲು ಬಾರದ ಹಳೆಯ ಮಾದರಿಯ ಆಯುಧಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ವಿನಾಯಿತಿ ಉಂಟು. ಹಾಗಂತ ಅಟ್ಟದಲ್ಲಿ ಸಿಕ್ಕಿದ್ದನ್ನೆಲ್ಲ ಇಟ್ಟುಕೊಂಡು ಕೂರಬಾರದು. ಪೊಲೀಸರಿಗೆ ತೋರಿಸಿಯೇ ಇಟ್ಟುಕೊಳ್ಳಬೇಕು. ಮತ್ತೆ, 100 ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಗೆ ಬರುತ್ತದೆ. ವಿದೇಶಕ್ಕೆ ಮಾರುವ ಆಸೆ ಬಿಟ್ಟುಬಿಡಬೇಕು." ತೋಟಕ್ಕೆ ಬರುವ ಹಂದಿ, ಮಂಗಗಳಿಗೆಂದು ಅವರ ಹತ್ತಿರ ಲೈಸೆನ್ಸಿನ ಕೋವಿ ಬೇರೆ ಇದೆ, ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿ ಠೇವಣಿ ಇಡಬೇಕಾದ ಕರಾವಳಿ ಕೃಷಿಕರ ಹಳೆಯ ಗೋಳು ಅವರಿಗೂ ತಪ್ಪಿದ್ದಲ್ಲ. ಬತ್ತಿ ಕೋವಿಗೆ ಆ ರಗಳೆಯಿಲ್ಲ.

ಆಮೇಲೆ ನನ್ನ ಬೆರಳು ಹಿಡಿದು ಕೋವಿಯ ಬಲಮಗ್ಗುಲಿಗೆ ತಂದರು. ಅಲ್ಲಿ ಹೊರಗೇ ಕಾಣುವ ಹಿತ್ತಾಳೆಯ ಸ್ಪ್ರಿಂಗು, ಬತ್ತಿಯ ತುದಿ ಕಚ್ಚುವ ಸೀಳು ಬಾಯಿಯ ಕೊಕ್ಕೆ, ಪಕ್ಕದಲ್ಲಿ ಮದ್ದಿನ ಪುಟ್ಟ ಬಟ್ಟಲು, ಬಟ್ಟಲಿಗೆ ಜಾರುವ ಮುಚ್ಚಳ. ಕೊಕ್ಕೆಯನ್ನು ಹಿಂದಕ್ಕೆ ಎಳೆದು ನಿಲ್ಲಿಸಿ ಕುದುರೆ, ಅಂದರೆ ಟ್ರಿಗರ್, ಒತ್ತಿದರೆ ಅದು ಟಪ್ಪನೆ ಬಟ್ಟಲಿಗೆ ಬಡಿಯಬೇಕು. ಉತ್ತರ ಭಾರತದ ತೋಡೇದಾರ್ ಕೋವಿಗಳಲ್ಲಿ ಹಾಗಲ್ಲ. ಕುದುರೆ ಎಳೆದಷ್ಟೂ ಕೊಕ್ಕೆ ನಿಧಾನಕ್ಕೆ ಬಾಗುತ್ತದೆ. ಈ ಟಪ್ಪೆನ್ನುವ ಜಾತಿ ಮಧ್ಯ ಯುರೋಪಿನಿಂದ ಪೋರ್ಚುಗಲ್ಲಿಗೆ, ಅಲ್ಲಿಂದ ಗೋವೆಗೆ ಬಂದದ್ದು. 1510ರಲ್ಲಿ ಗೋವೆಯನ್ನು ಹಿಡಿದ ಅಲ್ಬುಕರ್ಕ್, 1513ರಲ್ಲಿ ತನ್ನ ದೊರೆ ಮನುವೆಲ್‌ಗೆ ಬರೆದ ಪತ್ರದಲ್ಲಿ ಗೋವೆಯ ಕೋವಿ ಕೆಲಸಗಾರರು ಬೊಹೀಮಿಯಾದವರಿಗೆ ಸರಿಸಮ ಎಂದು ಹೊಗಳಿದ್ದಾನೆ. ಬೊಹೀಮಿಯಾ ಆಗಿನ ಕಾಲಕ್ಕೆ ಕೋವಿಗೆ ಹೆಸರಾದ ನಾಡು. ಇದೇ ಮಾದರಿ 1543ರಲ್ಲಿ ಪೋರ್ಚುಗೀಸರ ಜೊತೆ ಜಪಾನಿನ ತನೆಗಶಿಮ ದ್ವೀಪಕ್ಕೆ ಇಳಿಯಿತು. ಜಪಾನಿನ ಕಮ್ಮಾರರು ಅದನ್ನು ನೋಡಿ ನೋಡಿಯೇ ಸಾವಿರಗಟ್ಟಲೆ ಮಾಡಿದರು. ಕಾರ್ಕಳದ ಜಗಲಿಯಲ್ಲಿ ನನ್ನ ಬೆರಳು ಮುಟ್ಟಿದ್ದ ಹಿತ್ತಾಳೆ ಸ್ಪ್ರಿಂಗಿನ ದಾಯಾದಿಗಳು ಪ್ರಾಗ್‌ನಿಂದ ಜಪಾನಿನವರೆಗೆ ಹರಡಿದ್ದಾರೆ ಎಂದು ತಿಳಿದಾಗ ಮೈ ಜುಮ್ಮೆಂದಿತು.

"ಇದನ್ನು ಹೊಡೆಯುವುದು ಹೇಗೆ ಮಾಷ್ಟ್ರೆ?"

"ಹೊಡೆಯುವುದಕ್ಕಿಂತ ಸಾಯದೆ ಉಳಿಯುವುದು ದೊಡ್ಡದು! ಪೆಟ್ಲುಪ್ಪಿನಲ್ಲಿ ಅದ್ದಿ ಒಣಗಿಸಿದ ಹಗ್ಗ, ಎರಡೂ ತುದಿ ಹೊತ್ತಿಸಿದ್ದು, ಎಡಗೈಯಲ್ಲಿ. ಅದೇ ಮೈಮೇಲೆ ಮದ್ದಿನ ಬುರುಡೆ." ಡಚ್ ಚಿತ್ರಕಾರ ಯಾಕೊಬ್ ದ ಗೇನ್ 1607ರಲ್ಲಿ ತಂದ ಕವಾಯತಿನ ಪುಸ್ತಕದಲ್ಲಿ ಮಸ್ಕೆಟ್ ಒಂದಕ್ಕೇ 43 ಭಂಗಿಗಳಿವೆ. ಬತ್ತಿ ಊದುವುದು, ಬಟ್ಟಲು ಮುಚ್ಚುವುದು, ಉಳಿದ ಮದ್ದಿನ ಪುಡಿ ಊದಿ ಹಾರಿಸುವುದು ಎಲ್ಲ ಒಂದೊಂದು ಹೆಜ್ಜೆ. ಒಂದು ಹೆಜ್ಜೆ ಮರೆತರೆ ಎದುರಿನವನ ಬದಲು ತಾನೇ ಸುಟ್ಟುಹೋಗುವ ಅಪಾಯ.

ಈಗ ಬನಿಯನ್ ಗಂಟಿನ ಸರದಿ. ಮಾಷ್ಟ್ರು ತಗಡನ್ನು ಮರದ ಹಲಗೆಗೆ ಸ್ಕ್ರೂ ಹಾಕಿ ಕೂರಿಸಿದರು. ಚಾವಿ ಇಟ್ಟು ಮುಕ್ಕಾಲು ಸುತ್ತು ತಿರುಗಿಸಿದಾಗ ಸರಪಳಿ ಅಚ್ಚಿಗೆ ಸುತ್ತಿಕೊಂಡಿತು, ಸ್ಪ್ರಿಂಗು ಬಾಗಿತು, ಒಳಗೆಲ್ಲೋ ಟಕ್ಕೆಂದು ಹಲ್ಲು ಕೂತಿತು. ಹಿತ್ತಾಳೆ ಬಣ್ಣದ ಹೊಳಪಿನ ಪೈರೈಟ್ ಕಲ್ಲನ್ನು ಕೊಕ್ಕೆಯ ಬಾಯಿಗೆ ಕಚ್ಚಿಸಿ ಚಕ್ರದ ಮೇಲೆ ಇಳಿಸಿದರು. ಜಗಲಿಯ ಲೈಟು ಆರಿಸಲು ಹೇಳಿ ಕುದುರೆ ಒತ್ತಿದರು. ಚರ್ರ್ ಎಂಬ ಸದ್ದು. ಕಿತ್ತಳೆ ಬಣ್ಣದ ಕಿಡಿಗಳ ಒಂದು ಮುಷ್ಟಿ ಹಲಗೆಯ ಮೇಲೆ ಚೆಲ್ಲಿ ಆರಿತು. ಸಿಗರೇಟು ಲೈಟರಿನ ಗಾಲಿ ಮಾಡುವ ಕೆಲಸವೇ ಇದು. ಆದರೂ ಅಳಿಯ "ಇನ್ನೊಂದ್ಸಲ, ಇನ್ನೊಂದ್ಸಲ" ಎನ್ನುತ್ತಲೇ ಇದ್ದ. ನನಗೂ ಸಾಕೆನಿಸಲಿಲ್ಲ.

ಪ್ರಶ್ನೆ ಹುಟ್ಟಿದ್ದು ಆಗ. ಉಡುಪಿಯ ಸೀಮೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಚೀಚೆ ಮಳೆ. ಆಟಿ ತಿಂಗಳಲ್ಲಿ ಉರಿಯುವ ಬತ್ತಿ ಇಟ್ಟುಕೊಂಡು ಯಾರು ಯುದ್ಧ ಮಾಡುತ್ತಾರೆ? ಮಳೆಗಾಲದಲ್ಲಿ ಹೊತ್ತಿಸಿಟ್ಟ ಬತ್ತಿ ಬೇಡದ ಚಕ್ರದ ಕೋವಿಯೇ ಈ ನೆಲಕ್ಕೆ ಹೇಳಿ ಮಾಡಿಸಿದ್ದಾಗಬೇಕಿತ್ತು. ಹಾಗಿದ್ದೂ ಭಾರತದಲ್ಲಿ ಬತ್ತಿ ಕೋವಿ 19ನೇ ಶತಮಾನದವರೆಗೂ ಬಾಳಿತು, ಚಕ್ರದ ಕೋವಿ ಬೇರೂರಲೇ ಇಲ್ಲ. ಯಾಕೆ?

"ನಿಮ್ಮ ಲೇತಿನವರು ಹೇಳಿದ್ದೇ ಉತ್ತರ," ಎಂದರು ಮಾಷ್ಟ್ರು. "ಬತ್ತಿ ಕೋವಿ ಕೆಟ್ಟರೆ ಊರಿನ ಆಚಾರಿ ಒಂದು ಸುತ್ತಿಗೆ, ಒಂದು ತಿದಿಯಲ್ಲಿ ಸರಿಮಾಡುತ್ತಾನೆ. ಚಕ್ರ ಕೆಟ್ಟರೆ? ಸರಪಳಿ ತುಂಡಾದರೆ? ಸ್ಪ್ರಿಂಗು ಮುರಿದರೆ? ಗಡಿಯಾರ ಮಾಡುವಂಥವನೇ ಬೇಕು. ಯುರೋಪಿನಲ್ಲೂ ಅದು ದೊರೆಗಳ ಬೇಟೆಗೆ, ಕುದುರೆ ಸವಾರರಿಗೆ. ಸಾಮಾನ್ಯ ಕಾಲಾಳಿಗೆ ಬತ್ತಿಯೇ. ಊರಲ್ಲಿ ರಿಪೇರಿ ಆಗುವ ಯಂತ್ರ ಮಾತ್ರ ಊರಲ್ಲಿ ಉಳಿಯುತ್ತದೆ."

ಆಸ್ಟ್ರಿಯಾದ ಗ್ರಾಜ್ ನಗರದ ಆಯುಧ ಭಂಡಾರದಲ್ಲಿ 17ನೇ ಶತಮಾನದಿಂದ ಉಳಿದುಬಂದ ಸುಮಾರು 32,000 ವಸ್ತುಗಳಿವೆ. ಬತ್ತಿ ಕೋವಿ, ಚಕ್ರದ ಕೋವಿ ಸಾಲು ಸಾಲು. ನಮ್ಮಲ್ಲಿ ಅಂಥ ಭಂಡಾರ ಕಾಣದಿರುವುದಕ್ಕೆ ಕಾರಣವೂ ಇದೇ ಇರಬಹುದು ಎನಿಸಿತು. ಇಲ್ಲಿ ಹಳೆಯ ನಳಿಗೆಯನ್ನು ಸುಮ್ಮನೆ ಇಡುವವರು ಕಡಿಮೆ. ಕರಗಿಸಿ ಕತ್ತಿ ಮಾಡಿದರು, ಹಾರೆ ಮಾಡಿದರು.

ಮರುದಿನ ಗೊಮ್ಮಟಬೆಟ್ಟ ಹತ್ತಿದೆವು. 42 ಅಡಿಯ ಬಾಹುಬಲಿಯನ್ನು ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು 1432ರಲ್ಲಿ. ಆಗ ಯುರೋಪಿನಲ್ಲಿ ಬತ್ತಿಯನ್ನು ಕೊಕ್ಕೆಗೆ ಸಿಕ್ಕಿಸುವ ಉಪಾಯ ಇನ್ನೂ ಎಳೆಯದು. ಎದುರಿನ ಗುಡ್ಡದ ಚತುರ್ಮುಖ ಬಸದಿ ಇಮ್ಮಡಿ ಭೈರರಸ 1586ರಲ್ಲಿ ಕಟ್ಟಿಸಿದ್ದು; ಅಷ್ಟು ಹೊತ್ತಿಗೆ ಬಸರೂರಿನ ಕೋಟೆಯಲ್ಲಿ ಪೋರ್ಚುಗೀಸರ ಕೋವಿಗಳು ನೆಲೆಯೂರಿ 17 ವರ್ಷವಾಗಿತ್ತು. ಕರಾವಳಿಗೆ ಹೊಗೆ, ಗದ್ದಲ ಮುತ್ತಿದ್ದ ಕಾಲದಲ್ಲೇ ಇಲ್ಲಿಯ ಕಲ್ಲುಕುಟಿಗರು ನಾಲ್ಕು ದಿಕ್ಕಿಗೂ ಒಂದೇ ತೂಕದ ಬಾಗಿಲಿಟ್ಟು ಬಸದಿ ಎಬ್ಬಿಸಿದ್ದರು.

ಬೆಟ್ಟ ಇಳಿಯುವಾಗ ಮಾಷ್ಟ್ರ ಮುಂದಿನ ಯೋಜನೆ ಸಿದ್ಧವಾಗಿತ್ತು. ಕೆಳದಿಯವರ ಬಿದನೂರು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರದಲ್ಲಿ, 2018ರಲ್ಲಿ ಹಳೆಯ ಬಾವಿಯೊಂದರ ಮಣ್ಣು ತೆಗೆದಾಗ ಟಿಪ್ಪು ಕಾಲದ ಸಾವಿರದಷ್ಟು ರಾಕೆಟ್ಟುಗಳು ಸಿಕ್ಕವು. ಅವು ಈಗ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿವೆ. ಟಿಪ್ಪು ಮಡಿದ 1799ರ ನಂತರ ಇಂಗ್ಲೆಂಡಿಗೆ ಸಾಗಿಸಿದ ಇಂಥ ರಾಕೆಟ್ಟುಗಳನ್ನು ನೋಡಿಯೇ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟನ್ನು ರೂಪಿಸಿದ್ದು. ಬತ್ತಿ ಕೋವಿ ಹಡಗಿನಿಂದ ಇಳಿಯಿತು; ನಮ್ಮ ಕಮ್ಮಾರರ ಕಬ್ಬಿಣದ ಕೊಳವೆ ಹಡಗು ಹತ್ತಿತು.

"ಮಳೆ ಶುರುವಾಗುವ ಮೊದಲು ಆಗುಂಬೆ ಹತ್ತಿ ಶಿವಮೊಗ್ಗಕ್ಕೆ ಹೋಗುವ," ಎಂದರು ಮಾಷ್ಟ್ರು. "ಬರುವಾಗ ಮಣಿಪಾಲದ ಲೇತಿನವರನ್ನೂ ಕರ್ಕೊಂಡು ಬನ್ನಿ. ಆ ಕೊಳವೆ ಹೇಗೆ ಸುತ್ತಿದ್ದಾರೆ ಅಂತ ಪುಸ್ತಕ ಓದಿದ ನಾವು ನೋಡಿ ಎಂತ ಹೇಳುವುದು? ಅವರೇ ಹೇಳಬೇಕು."