ಕಲ್ಲುಗುಡ್ಡಗಳ ನಾಡಿನಲ್ಲಿ ನಾಲ್ಕು ದಿನದ ಬಿಡಾರ

ಸಿಂಧನೂರು ಸೀಮೆಯಲ್ಲಿ 'ಕ್ಯಾಂಪ್' ಎಂದರೆ ಯಾರೂ ಡೇರೆಯನ್ನು ನೆನೆಯುವುದಿಲ್ಲ. ಅಲ್ಲಿ ಕ್ಯಾಂಪ್ ಎಂದರೆ ಊರು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಆಂಧ್ರದ ಕಡೆಯಿಂದ ಬಂದ ರೈತರು ಹೊಲದ ಮಗ್ಗುಲಲ್ಲೇ ಗುಡಿಸಲು ಹಾಕಿಕೊಂಡರು. ಗುಡಿಸಲು ಹೋಗಿ ಮಾಳಿಗೆ ಮನೆ ಬಂತು, ಗುಡಿ ಬಂತು, ಶಾಲೆ ಬಂತು. ಹೆಸರು ಮಾತ್ರ ಕ್ಯಾಂಪ್ ಎಂದೇ ಉಳಿಯಿತು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಇದೇ ತಾಲ್ಲೂಕಿನಲ್ಲಿ ನೆಲೆ ಕಲ್ಪಿಸಿದಾಗ ಆ ಊರುಗಳೂ ಆರ್.ಎಚ್. ಕ್ಯಾಂಪ್‌ಗಳಾದವು. ಇತ್ತ ಲಿಂಗಸುಗೂರು ಒಂದು ಕಾಲಕ್ಕೆ ನಿಜಾಮರ ಸೀಮೆಯ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿ. ಛಾವಣಿ ಎಂದರೂ ಬಿಡಾರವೇ ತಾನೆ?

ಹೀಗೆ ಬಿಡಾರಗಳಿಂದಲೇ ಬೆಳೆದ ಈ ನಾಡಿನ ಹೆಚ್ಚಿನ ಮಕ್ಕಳು ಬಯಲಿನಲ್ಲಿ ಒಂದು ರಾತ್ರಿಯನ್ನೂ ಕಳೆದಿರುವುದಿಲ್ಲ. ಶಾಲೆಯ ಪ್ರವಾಸವೆಂದರೆ ರಾತ್ರಿ ಬಸ್ಸು ಹತ್ತಿ ಮೈಸೂರಿಗೋ ಬೇಲೂರಿಗೋ ಹೋಗಿಬರುವುದು. ಶಿಬಿರ, ಚಾರಣ ಎಂದರೆ ಹಿಮಾಲಯ; ಇಲ್ಲವೇ ದೂರದರ್ಶನದಲ್ಲಿ ಕಾಣುವ ಅಲಾಸ್ಕಾದ ಹಿಮನದಿ. ಬೆನ್ನಿಗೆ ಚೀಲ ಕಟ್ಟಿಕೊಂಡು, ದಾರಿ ಬಲ್ಲವರ ಹಿಂದೆ ನಾಲ್ಕು ದಿನ ನಡೆದು, ಸಂಜೆಗೊಂದು ಕಡೆ ಬಿಡಾರ ಬಿಡುವ ಸುಖ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವೆಯೂ ಉಂಟು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಭೂಮಿಯನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದವು. ಇಂದು ರಾಯಚೂರು ದೋಆಬ್ ಎಂಬ ಹೆಸರೇ ಹೆಚ್ಚು ಬಳಕೆ.

ಮೂರೂ ಊರುಗಳು ಒಂದೇ ಹೆದ್ದಾರಿಯ ಮೇಲಿವೆ. ಸಿಂಧನೂರಿನಿಂದ ಲಿಂಗಸುಗೂರಿಗೆ ಐವತ್ತು ಕಿ.ಮೀ. ಚಿಲ್ಲರೆ, ಮಸ್ಕಿ ಸರಿಸುಮಾರು ನಡುವೆ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆ ಒಂದು ಗಂಟೆಯಲ್ಲಿ ಕಣ್ಣಿನಿಂದ ಜಾರಿಹೋಗುವುದು ಏನೆಂದು ತಿಳಿಯಬೇಕಾದರೆ ಕಾಲಿಗೆ ಕೆಲಸ ಕೊಡಬೇಕು. ದಿನಕ್ಕೆ ಹತ್ತು ಹನ್ನೆರಡು ಕಿ.ಮೀ. ನಡಿಗೆ, ಉಳಿದ ದೂರಕ್ಕೆ ಬಸ್ಸು ಎಂದು ಲೆಕ್ಕ ಹಾಕಿದರೆ ಪ್ರೌಢಶಾಲೆಯ ಮಕ್ಕಳಿಗೂ ಇದು ಸಾಧ್ಯ.

ಮೊದಲ ದಿನ: ಕಾಲುವೆಯ ಈಚೆ, ಆಚೆ

ಸಿಂಧನೂರಿನ ಗದ್ದೆಗಳಿಂದ ನಡಿಗೆ ಆರಂಭಿಸುವುದು ಒಳ್ಳೆಯದು. ಕಣ್ಣು ಹಾಯುವವರೆಗೂ ಭತ್ತ, ಬೆಳ್ಳಕ್ಕಿಯ ಹಿಂಡು, ರೈಸ್ ಮಿಲ್ಲುಗಳ ಹೊಗೆ. ಇಷ್ಟು ನೀರು ಎಲ್ಲಿಂದ ಬಂತು? ಹೊಸಪೇಟೆಯ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಿಂದ 1953ರ ಸುಮಾರಿಗೆ ನೀರು ಬಿಡಲಾಯಿತು. ಎಡದಂಡೆ ಕಾಲುವೆ ಇನ್ನೂರಕ್ಕೂ ಹೆಚ್ಚು ಕಿ.ಮೀ. ಹರಿದು ರಾಯಚೂರಿನ ಕಡೆ ಸಾಗುತ್ತದೆ. ನೀರಿಗೆ ಏರು ಹತ್ತಲು ಬಾರದು. ಕಾಲುವೆಗೂ ನದಿಗೂ ನಡುವಿನ ಇಳಿಜಾರಿನ ಹೊಲಕ್ಕೆ ನೀರು, ಕಾಲುವೆಗಿಂತ ಎತ್ತರದ ಹೊಲಕ್ಕೆ ಇಲ್ಲ. ಪಠ್ಯಪುಸ್ತಕದಲ್ಲಿ ಒಂದು ಗೆರೆಯಾಗಿರುವ ಕಾಲುವೆ, ಏರಿಯ ಮೇಲೆ ನಿಂತಾಗ ಎರಡು ಬಾಳುವೆಗಳ ಗಡಿಯಾಗಿ ಕಾಣುತ್ತದೆ.

ಮಸ್ಕಿಯ ಕಡೆ ಸಾಗಿದಂತೆ ಹಸಿರು ತೆಳುವಾಗುತ್ತದೆ. ನೀರು ತಲುಪದ ನೆಲದಲ್ಲಿ ತೊಗರಿ, ಜೋಳ, ಸಜ್ಜೆ, ಹತ್ತಿ. ಮಳೆ ಕೈಕೊಟ್ಟ ವರ್ಷ ಇಲ್ಲಿನವರು ಗುಳೆ ಹೋಗುತ್ತಾರೆ. ಅವರದೂ ಬಿಡಾರವೇ, ಬೇರೆ ಊರಿನ ಕಟ್ಟಡಗಳ ಬುಡದಲ್ಲಿ. ಕೃಷ್ಣೆಯ ನೀರಿಗಾಗಿ, ನಾರಾಯಣಪುರ ಬಲದಂಡೆಯ 5ಎ ಕಾಲುವೆಗೆ ಒತ್ತಾಯಿಸಿ, ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ 2020ರಲ್ಲಿ ರೈತರು ದೀರ್ಘ ಧರಣಿ ಕುಳಿತದ್ದು ಏಕೆಂದು ಈ ದಾರಿಯಲ್ಲಿ ನಡೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ದಿನ: ಬಂಡೆ ಹೇಳುವ ಪಾಠ

ಮಸ್ಕಿಯ ಗುಡ್ಡಗಳನ್ನು ಬೆಳಗಿನ ಬಿಸಿಲಿನಲ್ಲಿ ನೋಡಬೇಕು. ಯಾರೋ ದೈತ್ಯರು ಆಟಕ್ಕೆ ಪೇರಿಸಿಟ್ಟಂತೆ ಒಂದರ ಮೇಲೊಂದು ದುಂಡು ಬಂಡೆಗಳು. ಮಕ್ಕಳು ಕೇಳುವ ಮೊದಲ ಪ್ರಶ್ನೆ: ಇವನ್ನು ಇಲ್ಲಿಗೆ ತಂದವರು ಯಾರು?

ಹಿಮನದಿಗಳ ನಾಡಿನಲ್ಲಾದರೆ ಉತ್ತರ ಬೇರೆ. ಅಲ್ಲಿ ಮಂಜುಗಡ್ಡೆಯ ಹೊಳೆ ಬಂಡೆಗಳನ್ನು ಹೊತ್ತು ತಂದು, ತಾನು ಕರಗುವಾಗ ಎಲ್ಲೆಂದರಲ್ಲಿ ಬಿಟ್ಟುಹೋಗುತ್ತದೆ. ಅಲಾಸ್ಕಾದ ಕಡಲ ಅಂಚಿನ ಗ್ಲೇಸಿಯರ್ ಬೇ ಎಂಬಲ್ಲಿ ಸುಮಾರು 250 ವರ್ಷಗಳಲ್ಲಿ ಮಂಜು ನೂರು ಕಿ.ಮೀ.ಗಳಷ್ಟು ಹಿಂದೆ ಸರಿದಿದೆ. ಅಲ್ಲಿನ ನೆಲ ಮೊನ್ನೆ ಮೊನ್ನೆ ಕಣ್ಣು ಬಿಟ್ಟ ಕೂಸು. ಮಸ್ಕಿಯ ಬಂಡೆಗಳನ್ನಾದರೋ ಯಾರೂ ತಂದಿಲ್ಲ. ಅವು ಹುಟ್ಟಿದ ಜಾಗದಲ್ಲೇ ಕುಳಿತಿವೆ. ಈ ಸೀಮೆಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ನೆಲದಡಿಯಲ್ಲಿದ್ದಾಗಲೇ ಬಿರುಕುಗಳಲ್ಲಿ ನೀರು ಇಳಿದು, ಮೂಲೆಗಳು ಮೊದಲು ಕೊಳೆತು ಮಣ್ಣಾದವು. ಗಟ್ಟಿಯಾದ ತಿರುಳು ದುಂಡಾಗಿ ಉಳಿಯಿತು. ಮೇಲಿನ ಮಣ್ಣನ್ನು ಮಳೆ ತೊಳೆದಂತೆ ತಿರುಳುಗಳು ಒಂದರ ಮೇಲೊಂದು ಕುಳಿತು ಗುಡ್ಡವಾದವು. ಹಗಲಿನ ಬಿಸಿಲು, ಇರುಳಿನ ತಂಪು ಇಂದಿಗೂ ಅವುಗಳ ಸಿಪ್ಪೆ ಸುಲಿಯುತ್ತಿವೆ.

ಇಂಥದೊಂದು ಬಂಡೆಯ ಮೇಲೆಯೇ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಅದು ಬಿತ್ತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಅರಸನ ಹೆಸರು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಇತ್ತು. ಅವನೇ ಅಶೋಕ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದರು. ಮಸ್ಕಿಯ ಬಂಡೆ 'ದೇವಾನಾಂಪ್ರಿಯ ಅಶೋಕ' ಎಂದು ಹೆಸರು ಹಿಡಿದೇ ಕರೆದು ಆ ಮಾತಿಗೆ ಮುದ್ರೆ ಒತ್ತಿತು. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಮೊದಲ ಗೌರವ ಮಸ್ಕಿಗೇ.

ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆಯ ಈ ಶಾಸನದ ತಿರುಳು ವಿದ್ಯಾರ್ಥಿಗಳು ಮನನ ಮಾಡುವಂಥದು. ಧರ್ಮದ ಗುರಿಯನ್ನು ದೊಡ್ಡವರು ಮಾತ್ರ ಮುಟ್ಟಬಲ್ಲರೆಂದು ತಿಳಿಯಬಾರದು, ಸಾಮಾನ್ಯನೂ ಮುಟ್ಟಬಲ್ಲ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅದರ ಸಾರ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯೇ ಮೊದಲಾದ ಕಡೆ ಇರುವ ಇದೇ ಶಾಸನದ ಪ್ರತಿಗಳಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಅದು ಅರಸ ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಅರಮನೆ ಬಿಟ್ಟು 256 ರಾತ್ರಿ! ನಾಲ್ಕು ದಿನದ ಬಿಡಾರಕ್ಕೆ ಇದಕ್ಕಿಂತ ದೊಡ್ಡ ಮೇಲ್ಪಂಕ್ತಿ ಬೇಕೆ?

ಮೂರನೆಯ ದಿನ: ಚಿನ್ನ, ದನ, ದಂಡು

ಮಸ್ಕಿಯಿಂದ ಲಿಂಗಸುಗೂರು ತಾಲ್ಲೂಕಿಗೆ ಕಾಲಿಟ್ಟರೆ ಹಟ್ಟಿ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿ ಎಂದರೆ ಮುಖ್ಯವಾಗಿ ಇದೇ. ಒಂದು ಟನ್ ಅದಿರು ಅರೆದರೆ ದೊರೆಯುವುದು ಕೆಲವೇ ಗ್ರಾಂ ಚಿನ್ನ. ಗಣಿಯೊಳಕ್ಕೆ ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ. ಆದರೆ ಊರಿನಲ್ಲಿ ನಿವೃತ್ತ ಕಾರ್ಮಿಕರೊಬ್ಬರನ್ನು ಮಾತಿಗೆ ಎಳೆದರೆ ಅವರೇ ಒಳ್ಳೆಯ ಮಾರ್ಗದರ್ಶಿ. ಇಲ್ಲಿನ ಪ್ರಾಚೀನ ಗಣಿಗುಂಡಿಗಳಲ್ಲಿ ಸಿಕ್ಕ ಮರದ ತುಂಡನ್ನು ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ ಸುಮಾರು ಎರಡು ಸಾವಿರ ವರ್ಷ ಹಿಂದಿನದೆಂದು ತಿಳಿಯಿತು. ಪಂಪಿಲ್ಲದ, ಸಿಡಿಮದ್ದಿಲ್ಲದ ಕಾಲದಲ್ಲಿ ಬಂಡೆಯನ್ನು ಬೆಂಕಿಯಿಂದ ಕಾಸಿ ಬಿರಿಯಿಸಿ ಅವರು ಅಷ್ಟು ಆಳಕ್ಕೆ ಇಳಿದಿದ್ದರು.

ಹಟ್ಟಿ ಎಂಬ ಮಾತಿಗೆ ಕನ್ನಡದಲ್ಲಿ ದನಕರುಗಳ ದೊಡ್ಡಿ, ದನಗಾಹಿಗಳ ಬಿಡಾರ ಎಂಬ ಅರ್ಥವೂ ಇದೆ. ಆ ಅರ್ಥ ಈ ನಾಡಿಗೆ ಎಷ್ಟು ಹಳೆಯದೆಂಬುದನ್ನು ಮುದಗಲ್ ಸಮೀಪದ ಪಿಕ್ಲಿಹಾಳದ ಗುಡ್ಡಗಳು ತೋರಿಸುತ್ತವೆ. 1950ರ ದಶಕದಲ್ಲಿ ಎಫ್.ಆರ್. ಆಲ್ಚಿನ್ ಇಲ್ಲಿ ಉತ್ಖನನ ಮಾಡಿ, 1960ರಲ್ಲಿ ವರದಿ ಪ್ರಕಟಿಸಿದರು. ನಯಗೊಳಿಸಿದ ಕಲ್ಲಿನ ಕೊಡಲಿ ಹಿಡಿದು ದನ ಸಾಕುತ್ತಿದ್ದ ನವಶಿಲಾಯುಗದ ಜನ ಬಂಡೆಗಳ ಮೇಲೆ ಹಿಣಿಲುಳ್ಳ ಎತ್ತುಗಳನ್ನು ಕುಟ್ಟಿ ಮೂಡಿಸಿದ್ದಾರೆ. ಇದೇ ಕಾಲದವರು ಕೃಷ್ಣಾ ತೀರದ ಉಟ್ನೂರು, ಸುರಪುರ ಸೀಮೆಯ ಬೂದಿಹಾಳ, ಬಳ್ಳಾರಿಯ ಕುಡತಿನಿಗಳಲ್ಲಿ ಬಿಟ್ಟುಹೋದ ಬೂದಿದಿಬ್ಬಗಳು ಬಹುಕಾಲ ಒಗಟಾಗಿದ್ದವು. ಅವು ದನದ ದೊಡ್ಡಿಗಳಲ್ಲಿ ಸುಟ್ಟ ಸಗಣಿಯ ರಾಶಿಗಳೆಂದು ಉಟ್ನೂರಿನ ಉತ್ಖನನ ತೋರಿಸಿತು. ನಾಲ್ಕು ಸಾವಿರ ವರ್ಷಗಳ ಹಿಂದಿನ ಹಟ್ಟಿಗಳು! ಇಂದಿಗೂ ಸುಗ್ಗಿಯ ನಂತರ ಕುರುಬರು ಮಂದೆಯೊಡನೆ ಊರೂರು ಸುತ್ತುತ್ತಾರೆ. ಗೊಬ್ಬರಕ್ಕಾಗಿ ರೈತರು ಅವರನ್ನು ಕರೆದು ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಗಾಳಿ ಯಾವ ಕಡೆಯಿಂದ, ನೀರು ಎಲ್ಲಿದೆ, ಹಾವಿರುವ ಜಾಗ ಯಾವುದು ಎಂಬುದನ್ನು ಕಲಿಯಲು ಅವರಿಗಿಂತ ಒಳ್ಳೆಯ ಮೇಷ್ಟ್ರು ಸಿಗಲಾರರು.

ದನಗಾಹಿಗಳ ಜಾಡಿನಲ್ಲೇ ದಂಡುಗಳೂ ಬಂದವು. ನೀರು ತುಂಬಿದ ಕಂದಕದ ಮುದಗಲ್ ಕೋಟೆಗಾಗಿ ವಿಜಯನಗರ, ಬಹಮನಿ, ಆದಿಲ್‌ಶಾಹಿಗಳು ಮತ್ತೆ ಮತ್ತೆ ಕಾದಾಡಿದರು. ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ 1406ರಲ್ಲಿ ಯುದ್ಧವೇ ನಡೆಯಿತೆಂದು ಫೆರಿಷ್ತಾ ಬರೆದಿದ್ದಾನೆ. ಕಾದಾಡಿದ ಊರು ಇಂದು ಹೆಸರಾಗಿರುವುದು ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಮೊಹರಂಗೆ.

ನಾಲ್ಕನೆಯ ದಿನ: ಕೃಷ್ಣೆಯ ದಡ

ಲಿಂಗಸುಗೂರಿನ ಉತ್ತರಕ್ಕೆ ಜಲದುರ್ಗ. ಇಲ್ಲಿ ಕೃಷ್ಣೆ ಕವಲಾಗಿ ನಡುಗಡ್ಡೆಯನ್ನು ಬಳಸುತ್ತದೆ. ಅದರ ಎತ್ತರದ ಮೇಲೆ ಕೋಟೆ. ಆದಿಲ್‌ಶಾಹಿ ಕಾಲದಲ್ಲಿ ಶಿಕ್ಷೆಗೆ ಗುರಿಯಾದವರನ್ನು ಇಲ್ಲಿಂದ ನದಿಗೆ ನೂಕುತ್ತಿದ್ದರೆಂಬ ಮಾತಿದೆ. ಬುರುಜಿನ ಮೇಲೆ ನಿಂತು ಕೆಳಗೆ ನೋಡಿದಾಗ ಆ ಮಾತು ಮೈ ಜುಮ್ಮೆನ್ನಿಸುತ್ತದೆ. ತುಂಗಭದ್ರೆಯ ಕಾಲುವೆಯಿಂದ ಹೊರಟ ನಡಿಗೆ ಕೃಷ್ಣೆಯ ದಡದಲ್ಲಿ ಮುಗಿಯುವಾಗ ಎಡೆದೊರೆ ನಾಡು ಎಂಬ ಹೆಸರಿನ ಅರ್ಥ ಕಾಲಿಗೇ ತಿಳಿದಿರುತ್ತದೆ.

ಪಾಲಕರಿಗೆ ನಾಲ್ಕು ಮಾತು

ಮಗಳನ್ನು ನಾಲ್ಕು ದಿನ ಹೊರಗೆ ಕಳಿಸುವುದೆಂದರೆ ತಾಯಿಯ ಎದೆ ಢವಗುಟ್ಟುವುದು ಸಹಜ. ಭಯವನ್ನು ತಳ್ಳಿಹಾಕಬೇಕಾಗಿಲ್ಲ, ಅದನ್ನು ಪ್ರಶ್ನೆಯಾಗಿಸಿ ಕೇಳಬೇಕು. ಜೊತೆಗೆ ಯಾರಿದ್ದಾರೆ? ಶಿಕ್ಷಕಿಯರು ಎಷ್ಟು ಮಂದಿ? ರಾತ್ರಿ ಎಲ್ಲಿ? ಆಸ್ಪತ್ರೆ ಎಷ್ಟು ದೂರ? ಬಯಲಿನ ಡೇರೆಯೇ ಆಗಬೇಕೆಂದಿಲ್ಲ. ಗ್ರಾಮ ಪಂಚಾಯಿತಿಗೆ ಮೊದಲೇ ಪತ್ರ ಬರೆದು ಕೇಳಿಕೊಂಡರೆ ಊರಿನ ಶಾಲೆಯ ಪಡಸಾಲೆಯೋ ಗುಡಿಯ ಅಂಗಳವೋ ದೊರೆತೀತು. ಇಂಥ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡಲಾರದ ತಂಡದೊಡನೆ ಕಳಿಸದಿರುವುದೇ ಲೇಸು. ಉತ್ತರ ಸಿಕ್ಕ ಮೇಲೂ ಅಣ್ಣನನ್ನು ಕಳಿಸಿ ತಂಗಿಯನ್ನು ಮನೆಯಲ್ಲಿ ಉಳಿಸಿಕೊಂಡರೆ, ಸಣ್ಣವರಿಗೂ ದೊಡ್ಡವರಿಗೂ ತಿಳಿಸಿ ಎಂದ ಬಂಡೆಯ ಮಾತು ಅರ್ಧಕ್ಕೇ ನಿಂತಂತೆ.

ಇನ್ನೊಂದು ಕಾರಣವೂ ಇದೆ. ಬೂದಿದಿಬ್ಬದ ಬೂದಿಯನ್ನು ಗೊಬ್ಬರಕ್ಕೆಂದು ಜನ ಗಾಡಿಗಳಲ್ಲಿ ಹೊತ್ತಿದ್ದುಂಟು. ಗುಡ್ಡದ ಗ್ರಾನೈಟು ಲಾರಿಗಳಲ್ಲಿ ಜಲ್ಲಿಯಾಗಿ ಹೋಗುವುದೂ ಉಂಟು. ಇಲಾಖೆಯ ಫಲಕ ಒಂದು ಬಂಡೆಯನ್ನು ಕಾದೀತು. ಉಳಿದ ಸಾವಿರ ಬಂಡೆಗಳನ್ನು ಕಾಯುವವರು ಅವುಗಳ ಬೆಲೆ ಬಲ್ಲ ಊರಿನವರೇ. ಹಾಗೆ ಬಲ್ಲವರು ಹದಿನೈದರ ವಯಸ್ಸಿನಲ್ಲಿ ತಯಾರಾಗುತ್ತಾರೆ.

ಹೊರಡುವ ಮುನ್ನ

ನವೆಂಬರಿನಿಂದ ಜನವರಿ ಒಳ್ಳೆಯ ಕಾಲ. ಮಾರ್ಚ್ ನಂತರದ ಬಿಸಿಲಿಗೆ ಬಂಡೆಗಳು ಕಾದ ಹೆಂಚು. ಮಳೆಗಾಲದಲ್ಲಿ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಜಲದುರ್ಗದ ಸೇತುವೆ ಮುಳುಗುವುದುಂಟು. ಕೃಷ್ಣೆಯಲ್ಲಿ ಮೊಸಳೆಗಳಿವೆ, ನೀರಿಗೆ ಇಳಿಯುವ ಮಾತೇ ಬೇಡ. ಕಲ್ಲುಗುಡ್ಡಗಳಲ್ಲಿ ಚಿರತೆ, ಕರಡಿ ಸುಳಿಯಬಹುದಾದ್ದರಿಂದ ಕತ್ತಲಾದ ಮೇಲೆ ಹತ್ತುವಂತಿಲ್ಲ. ಬೆರಳು ಮುಚ್ಚುವ ಬೂಟು, ಟೋಪಿ, ಹೊದಿಕೆ, ಟಾರ್ಚು, ಇಬ್ಬಿಬ್ಬರಿಗೆ ಸಾಲುವಷ್ಟು ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲಿ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಸಾಕು. ನಾಲ್ಕು ದಿನವೂ ಕೆಡುವುದಿಲ್ಲ. ಬಂಡೆಯ ಮೇಲೆ ಹೆಸರು ಕೆತ್ತುವ ಚಪಲ ಯಾರಿಗಾದರೂ ಬಂದರೆ ತಡೆಯಬೇಕು. ಮಸ್ಕಿಯ ಬಂಡೆಯ ಮೇಲೆ ಇರಬೇಕಾದ ಹೆಸರು ಈಗಾಗಲೇ ಇದೆ.